ನಾಳೆ ಬೋರ್ಡಿನಲ್ಲಿ ಏನು ಬರೆಯಲಿ

ನಾಳೆ ನವೆಂಬರ್ 1. ತಲಪಾಡಿ ಗಡಿ ದಾಟಿದರೆ ಆಚೆ ಕರ್ನಾಟಕದಲ್ಲಿ ರಾಜ್ಯೋತ್ಸವದ ರಜೆ. ಈಚೆ ನಮ್ಮಲ್ಲಿ ಕೇರಳ ಪಿರವಿಯ, ಅಂದರೆ ಕೇರಳ ಹುಟ್ಟಿದ ದಿನದ, ಅಸೆಂಬ್ಲಿ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಬೆಳಗ್ಗೆ ಬೇಗ ಹೋಗಿ ಜಗಲಿಯ ಬೋರ್ಡಿನಲ್ಲಿ 'ದಿನ ವಿಶೇಷ' ಬರೆಯುವುದು ನನ್ನ ಪಾಲಿನ ಕೆಲಸ. ಇಂದು ಯಾರು ಹುಟ್ಟಿದರು, ಏನು ನಡೆಯಿತು, ನಾಲ್ಕೈದು ಸಾಲು. ಅಸೆಂಬ್ಲಿಯಲ್ಲಿ ಒಂದು ಮಗು ಅದನ್ನು ಓದುತ್ತದೆ. ಈ ಕೆಲಸ ನನಗೆ ತುಂಬಾ ಇಷ್ಟ. ಫೆಬ್ರವರಿ 7 ಬಂದಾಗ, 1999ರ ಈ ದಿನ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತಕ್ಕೆ ಹತ್ತು ವಿಕೆಟ್ ತೆಗೆದರು ಅಂತ ಬರೆದೆ. ಆ ಹೆಸರಿನಲ್ಲಿರುವುದು ನಮ್ಮ ಕುಂಬಳೆಯೇ ಅಂತ ಹೇಳಿದ ಮೇಲೆ ಬೋರ್ಡಿನ ಮುಂದೆ ಮಕ್ಕಳ ಗುಂಪು ಕರಗಲೇ ಇಲ್ಲ. ಬೆಲ್ ಹೊಡೆದರೂ ಇಬ್ಬರು ಅಲ್ಲೇ ನಿಂತು ಬೌಲಿಂಗ್ ಮಾಡುತ್ತಿದ್ದರು.

ಈ ಸಾಲುಗಳು ನನಗೆ ಸಿಗುವುದು ಎರಡು ವಾಟ್ಸಾಪ್ ಗ್ರೂಪಿನಿಂದ. ಒಂದು ಕನ್ನಡದ್ದು, ಅಲ್ಲಿಗೆ ಪಟ್ಟಿ ಬೆಂಗಳೂರು ಕಡೆಯಿಂದ ಬರುತ್ತದೆ. ಇನ್ನೊಂದು ಮಲಯಾಳದ್ದು, ತೆಂಕಣ ಜಿಲ್ಲೆಗಳ ಟೀಚರುಗಳು ಹಾಕುತ್ತಾರೆ. ಕಳೆದ ವರ್ಷ ನವೆಂಬರ್ 1ಕ್ಕೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಮೊದಲ ಸಾಲು 'ನಮ್ಮ ರಾಜ್ಯ ಉದಯವಾದ ದಿನ' ಅಂತಲೇ ಇತ್ತು. ಕಾಸರಗೋಡು ಅನ್ನುವ ಶಬ್ದ ಎರಡರಲ್ಲೂ ಇರಲಿಲ್ಲ.

ಇದು ನನಗೆ ನೋವು ಕೊಟ್ಟಿತು. ಯಾಕೆಂದರೆ 1956ರ ಆ ದಿನ ಅತಿ ಜಾಸ್ತಿ ಬದಲಾದದ್ದು ನಮ್ಮಂಥ ಊರುಗಳಲ್ಲೇ. ಅದಕ್ಕೆ ಮುಂಚೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಕಲೆಕ್ಟರ್ ಕಚೇರಿ ಮಂಗಳೂರಿನಲ್ಲಿ. ರಾಜ್ಯಗಳ ಪುನರ್ವಿಂಗಡಣೆಗೆ ನೇಮಿಸಿದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಮರುವರ್ಷ ಕಾನೂನಾಯಿತು. ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಹೋಯಿತು, ನಾವು ಕೇರಳಕ್ಕೆ ಬಂದೆವು. ಅಜ್ಜಿಯ ತವರು ವಿಟ್ಲದ ಹತ್ತಿರ. ಅಕ್ಟೋಬರ್‌ನಲ್ಲಿ ಒಂದೇ ಜಿಲ್ಲೆಯಲ್ಲಿದ್ದ ತವರು ನವೆಂಬರ್‌ನಲ್ಲಿ ಬೇರೆ ರಾಜ್ಯ. ಆಮೇಲೆ ಜಿಲ್ಲಾ ಕಚೇರಿಯ ಕೆಲಸಕ್ಕೆ ಕಣ್ಣೂರಿನ ತನಕ ಹೋಗಬೇಕಾಯಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಗುವ ವರೆಗೂ ಹಾಗೆಯೇ. ಅಜ್ಜನ ಟ್ರಂಕಿನಲ್ಲಿ ಈಗಲೂ ಕಂದಾಯದ ಹಳೇ ರಶೀದಿಗಳಿವೆ. ನೂಲು ಹಾಕಿ ಕಟ್ಟಿದ ಒಂದೇ ಕಟ್ಟು. ಮೇಲಿನವು ಮಲಯಾಳದಲ್ಲಿ, ಅಡಿಯವು ಕನ್ನಡದಲ್ಲಿ. ನಡುವೆ ಒಂದು ಕಡೆ ಲಿಪಿ ಬದಲಾಗುತ್ತದೆ. ಅಲ್ಲಿ ಬೆರಳಿಟ್ಟು ಅಜ್ಜ ಮಾತಾಡದೆ ಕೂತಿರುತ್ತಿದ್ದರು.

1967ರಲ್ಲಿ, ರಾಜ್ಯಗಳ ಗಡಿ ವಿವಾದಕ್ಕೆ ನೇಮಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗ ಮೈಸೂರಿಗೆ ಸೇರಲಿ ಅಂತ ಹೇಳಿತು. ಅದು ಜಾರಿಗೆ ಬರಲಿಲ್ಲ. ಆ ವಾದವನ್ನು ಇಲ್ಲಿ ಮತ್ತೆ ಎತ್ತುವುದು ನನ್ನ ಉದ್ದೇಶ ಅಲ್ಲ. ನಮ್ಮ ಮಕ್ಕಳು ಇಲ್ಲೇ ಹುಟ್ಟಿದವರು, ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಅದೂ ಅವರ ಭಾಷೆಯೇ. ನಾನು ಹೇಳುವುದು ಬೋರ್ಡಿನ ವಿಷಯ. ನಮ್ಮ ದಿನಗಳನ್ನು ನಾವೇ ಬರೆಯದಿದ್ದರೆ ಬೇರೆ ಯಾರೂ ಬರೆದುಕೊಡುವುದಿಲ್ಲ.

ಆಮೇಲೆ ಹುಡುಕಲು ಕೂತೆ. ನವೆಂಬರ್ 1 ಎಷ್ಟು ದೊಡ್ಡ ದಿನ ಗೊತ್ತಾ? ಅದೇ 1956ರಲ್ಲಿ, ಅದೇ ದಿನ, ತಿರುವಾಂಕೂರಿನ ತೆಂಕಣ ತುದಿಯ ನಾಲ್ಕು ತಾಲೂಕುಗಳು ಮದ್ರಾಸಿಗೆ ಸೇರಿ ಕನ್ಯಾಕುಮಾರಿ ಜಿಲ್ಲೆಯಾಯಿತು. ಅಲ್ಲಿಯ ತಮಿಳರು ಬೇಡಿದ್ದು ಅವರಿಗೆ ಸಿಕ್ಕಿತು. ನಮಗೆ ಸಿಗಲಿಲ್ಲ. ತಾಳವಾಡಿ, ಹೊಸೂರಿನ ಕನ್ನಡಿಗರು ಮದ್ರಾಸಿನಲ್ಲೇ ಉಳಿದರು. ಜತ್ತ, ಅಕ್ಕಲಕೋಟೆಯವರು ಮುಂಬಯಿ ರಾಜ್ಯದಲ್ಲಿ, ಮಡಕಶಿರಾದವರು ಆಂಧ್ರದಲ್ಲಿ. ಕೊಳ್ಳೇಗಾಲದವರು ಮಾತ್ರ ಆ ದಿನ ಮೈಸೂರು ಸೇರಿಕೊಂಡರು. ಒಂದೇ ತಾರೀಕು, ಒಂದೊಂದು ಊರಿಗೆ ಒಂದೊಂದು ಥರ.

ನನಗೆ ಅತಿ ಆಶ್ಚರ್ಯ ಆದದ್ದು ಲಕ್ಷದ್ವೀಪದ ಸಂಗತಿ. ಅದರ ಅಮೀನ್‌ದಿವಿ ದ್ವೀಪಗಳು ಮೊದಲು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು! 1956ರ ನವೆಂಬರ್ 1ರಂದು ಅವೂ ಜಿಲ್ಲೆಯಿಂದ ಬಿಟ್ಟುಹೋಗಿ ಕೇಂದ್ರಾಡಳಿತ ಪ್ರದೇಶದ ಭಾಗವಾದವು. ಅಂದರೆ ಹಳೇ ದಕ್ಷಿಣ ಕನ್ನಡ ಆ ದಿನ ಮೂರು ಪಾಲಾಯಿತು. ಕಡಲಿನಲ್ಲಿ ಒಂದು ಪಾಲು ಇತ್ತು ಅನ್ನುವುದು ಇಷ್ಟು ವರ್ಷ ಪಾಠ ಮಾಡಿದ ನನಗೇ ತಿಳಿದಿರಲಿಲ್ಲ. ಇನ್ನೂ ಕೇಳಿ. 17 ವರ್ಷ ಕಳೆದು 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂತು. ದೇವರಾಜ ಅರಸು ಆಗ ಮುಖ್ಯಮಂತ್ರಿ. ಆ ದ್ವೀಪಗಳಿಗೆ ಲಕ್ಷದ್ವೀಪ ಅಂತ ಹೆಸರು ಬಂದದ್ದೂ ಅದೇ ದಿನ. ಐಶ್ವರ್ಯಾ ರೈ ಮಂಗಳೂರಿನಲ್ಲಿ ಹುಟ್ಟಿದ್ದೂ ಅದೇ ದಿನ. ಇದನ್ನು ಹೇಳಿದರೆ ಆರನೇ ಕ್ಲಾಸಿನ ಹುಡುಗಿಯರು 1973 ಅನ್ನುವ ಇಸವಿಯನ್ನು ಜನ್ಮದಲ್ಲಿ ಮರೆಯುವುದಿಲ್ಲ. ದಿನ ವಿಶೇಷದ ಗುಣವೇ ಅದು. ಒಂದಕ್ಕೊಂದು ಸಂಬಂಧ ಇಲ್ಲದ ಸಂಗತಿಗಳು ಒಂದು ತಾರೀಕಿನಲ್ಲಿ ಕೂತು, ಒಂದು ಇನ್ನೊಂದನ್ನು ನೆನಪಿನಲ್ಲಿ ಉಳಿಸುತ್ತವೆ.

ಮಾರ್ಚ್ 23 ನೋಡಿ. 1931ರಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಲಾಹೋರಿನಲ್ಲಿ ಗಲ್ಲಿಗೇರಿಸಿದ ದಿನ. ಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ, ಇರಬೇಕಾದ್ದೇ. ಆದರೆ ಅದು ಮಂಜೇಶ್ವರದ ಗೋವಿಂದ ಪೈಗಳ ಹುಟ್ಟುಹಬ್ಬವೂ ಹೌದು. 1883ರಲ್ಲಿ ಹುಟ್ಟಿದವರು. ಗಲ್ಲಿನ ಆ ದಿನ ಅವರಿಗೆ 48 ತುಂಬಿತ್ತು. ಮುಂದೆ 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಅಂತ ಕರೆಯಿತು. ಅವರ ಮನೆಯ ಹತ್ತಿರದಿಂದಲೇ ಬಸ್ಸಿನಲ್ಲಿ ಹೋಗುವ ಮಕ್ಕಳಿಗೆ ಇದು ಗೊತ್ತಿರಬೇಕಲ್ವಾ? ನಮ್ಮ ಇನ್ನೊಬ್ಬ ಕವಿ ಕಯ್ಯಾರ ಕಿಂಞಣ್ಣ ರೈಗಳು ಹುಟ್ಟಿದ್ದು 1915ರ ಜೂನ್ 8. ನೂರು ತುಂಬಿಸಿ 2015ರ ಆಗಸ್ಟ್ 9ರಂದು, ಕ್ವಿಟ್ ಇಂಡಿಯಾ ದಿನವೇ ತೀರಿಕೊಂಡರು. ಸ್ವಾತಂತ್ರ್ಯ ಹೋರಾಟಗಾರರಿಗೆ ಎಂಥ ದಿನ!

ಇನ್ನೊಂದನ್ನು ಹೇಳಲೇಬೇಕು. ಏಪ್ರಿಲ್ 29. ಎರಡೂ ಗ್ರೂಪಿನ ಪಟ್ಟಿಯಲ್ಲಿ 2011ರ ಎದುರು ಬ್ರಿಟನ್ನಿನ ರಾಜಕುಮಾರ ವಿಲಿಯಂ ಮದುವೆ ಇತ್ತು. ಅದೇ ದಿನ ಜಿನೀವಾದಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕವನ್ನು ಲೋಕದಲ್ಲೆಲ್ಲ ನಿಲ್ಲಿಸಬೇಕು ಅಂತ ತೀರ್ಮಾನ ಆಯಿತು. ನಮ್ಮ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಹೆಲಿಕಾಪ್ಟರಿನಿಂದ ಹೊಡೆದ ಅದೇ ಮದ್ದು. ಎಣ್ಮಕಜೆ, ಪಡ್ರೆ ಕಡೆಯ ಮನೆಗಳಲ್ಲಿ ಇನ್ನೂ ಹಾಸಿಗೆಯಿಂದ ಏಳದ ಮಕ್ಕಳಿದ್ದಾರೆ. ನನ್ನ ಕ್ಲಾಸಿನ ಒಂದು ಹುಡುಗಿ ದಿನಾ ಬೆಳಗ್ಗೆ ತನ್ನ ಅಣ್ಣನಿಗೆ ಗಂಜಿ ತಿನ್ನಿಸಿಯೇ ಶಾಲೆಗೆ ಬರುತ್ತಾಳೆ. ಒಮ್ಮೊಮ್ಮೆ ಅವಳ ಯೂನಿಫಾರ್ಮ್ ತೋಳಿನಲ್ಲಿ ಗಂಜಿಯ ಕಲೆ ಒಣಗಿರುತ್ತದೆ. ಅವಳು ಓದುವ ಬೋರ್ಡಿನಲ್ಲಿ ರಾಜಕುಮಾರನ ಮದುವೆ ಇದ್ದು ಜಿನೀವಾ ಇಲ್ಲದಿದ್ದರೆ ಅದು ನಾನು ಅವಳಿಗೆ ಮಾಡುವ ಅನ್ಯಾಯ. ಆ ತಾರೀಕು ಬೇಸಿಗೆ ರಜೆಯಲ್ಲಿ ಬರುತ್ತದೆ. ಆದರೂ ಮಾರ್ಚ್ ಕೊನೆಗೆ ಶಾಲೆ ಮುಚ್ಚುವ ಮುಂಚೆಯೇ ಬರೆಯುತ್ತೇನೆ.

ಹೀಗಾಗಿ ಒಂದು ನೋಟ್‌ಬುಕ್ ಮಾಡಿದ್ದೇನೆ. ಕಾಸರಗೋಡಿನದ್ದೇ 'ದಿನ ವಿಶೇಷ'. ಲೇಖಕಿ ಸಾರಾ ಅಬೂಬಕ್ಕರ್ ಹುಟ್ಟಿದ ಜೂನ್ 30 ಇದೆ, ಜಿಲ್ಲೆ ಹುಟ್ಟಿದ ಮೇ 24 ಇದೆ. ಖಾಲಿ ಪುಟಗಳೇ ಜಾಸ್ತಿ. ಎರಡು ಕಡೆ ನೋಡಿ ಖಾತ್ರಿಯಾಗದ ತಾರೀಕನ್ನು ನಾನು ಬರೆಯುವುದಿಲ್ಲ. ಫಾರ್ವರ್ಡ್ ಮೆಸೇಜಿನಲ್ಲಿ ಬರುವ ಇಸವಿಗಳು ಎಷ್ಟೋ ಸಲ ತಪ್ಪಿರುತ್ತವೆ. ನಿಮ್ಮ ಊರಿನ ಶಾಲೆ, ವಾಚನಾಲಯ, ಯಕ್ಷಗಾನ ಮೇಳ ಶುರುವಾದ ದಿನ ದಾಖಲೆ ಸಮೇತ ಗೊತ್ತಿದ್ದರೆ ತಿಳಿಸಿ. ಬದಿಯಡ್ಕ, ಮುಳ್ಳೇರಿಯಾ, ಅಡೂರು ಕಡೆಯವರು ವಿಶೇಷವಾಗಿ.

ನಾಳೆಗೆ ಸಾಲುಗಳು ಸಿದ್ಧವಾಗಿವೆ. ಕೇರಳ ಇದೆ, ಕರ್ನಾಟಕ ಇದೆ, ಕನ್ಯಾಕುಮಾರಿ, ಲಕ್ಷದ್ವೀಪ ಇವೆ, ಐಶ್ವರ್ಯಾ ರೈಯೂ ಇದ್ದಾರೆ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಹೀಗೆ ಬರೆಯುತ್ತೇನೆ: '1956ರ ಈ ದಿನ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಬಂತು.' ಅಜ್ಜನ ರಶೀದಿ ಕಟ್ಟನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಲಿಪಿ ಬದಲಾಗುವ ಜಾಗವನ್ನು ಮಕ್ಕಳು ಮುಟ್ಟಿ ನೋಡಲಿ.