ದೂರು ಕೊಡುವ ಮೊದಲೇ ಪರಿಹಾರ

ನಮ್ಮ ಬೀದಿ ದೀಪ ಕೆಟ್ಟು 45 ದಿನ ಆಯಿತು. ಮೊದಲ ವಾರವೇ ಎದುರು ಮನೆ ಅಜ್ಜಿ ಕತ್ತಲಲ್ಲಿ ಮಲಗಿದ್ದ ನಾಯಿಯ ಬಾಲ ತುಳಿದರು. ನಾಯಿಯೂ ಅಜ್ಜಿಯೂ ಒಟ್ಟಿಗೇ ಕಿರುಚಿದರು. ನಾನು ತಕ್ಷಣ ಆ್ಯಪ್ ತೆಗೆದು ದೂರು ಹಾಕಿದೆ. ನಾಲ್ಕೇ ನಿಮಿಷಕ್ಕೆ ಮೆಸೇಜ್ ಬಂತು: 'ನಿಮ್ಮ ದೂರನ್ನು ಪರಿಹರಿಸಲಾಗಿದೆ.' ಕಿಟಕಿಯಿಂದ ಇಣುಕಿದೆ. ಅದೇ ಕತ್ತಲು. ಪರಿಹಾರ ಆಗಿದ್ದು ದೂರಿಗೆ, ದೀಪಕ್ಕಲ್ಲ.

ಹೊಟ್ಟೆಪಾಡಿಗೆ ನಾನು ಮಾಡುವುದೂ ಇದೇ ಲೆಕ್ಕ: ಒಂದು ಹಂತದಿಂದ ಮುಂದಿನ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ. ಯಾರು ಯಾವಾಗ ಯಾವ ಬಟನ್ ಒತ್ತಿದರು ಅಂತ ಡೇಟಾಬೇಸ್‌ನಲ್ಲಿ ಸಾಲು ಸಾಲಾಗಿ ಬಿದ್ದಿರುತ್ತದೆ. 'ಲ್ಯಾಗ್' ಅಂತ ಒಂದು ಫಂಕ್ಷನ್ ಇದೆ. ಹಿಂದಿನ ಸಾಲಿನ ಸಮಯ ತಂದು ಈ ಸಾಲಿನ ಪಕ್ಕ ಇಡುತ್ತದೆ. ಒಂದರಿಂದ ಒಂದು ಕಳೆದರೆ ಮುಗಿಯಿತು. ದೂರಿನ ನಂಬರ್ ಮೇಲೆ 'ಪಾರ್ಟಿಶನ್ ಬೈ' ಹಾಕುವುದು, ಅಂದರೆ ಒಂದೊಂದು ದೂರಿನ ಸಾಲುಗಳನ್ನು ಬೇರೆ ಬೇರೆ ಗುಂಪು ಮಾಡುವುದು ಮಾತ್ರ ಮರೆಯಬಾರದು. ಮರೆತರೆ ನಮ್ಮ ಬೀದಿ ದೀಪದಲ್ಲಿ ಪಕ್ಕದ ವಾರ್ಡಿನ ಚರಂಡಿಯನ್ನು ಕಳೆದು ಕೂರುತ್ತದೆ.

ಆ್ಯಪ್‌ನಲ್ಲಿ ನನ್ನ ದೂರಿನ ಜಾತಕ ತೆಗೆದೆ. 7:10ಕ್ಕೆ ಸ್ವೀಕೃತ. 7:12ಕ್ಕೆ ಫಾರ್ವರ್ಡ್. 7:14ಕ್ಕೆ ಕ್ಲೋಸ್, ಷರಾ: 'ಸಂಬಂಧಪಟ್ಟವರಿಗೆ ತಿಳಿಸಲಾಗಿದೆ.' ಕಳೆಯುವ ಲೆಕ್ಕದಲ್ಲಿ ಒಂದು ಸೆಕೆಂಡೂ ತಪ್ಪಿಲ್ಲ. ದೀಪ ಹತ್ತಿದ್ದನ್ನು ಬರೆಯಲು ಕಾಲಂ ಇಲ್ಲ, ಅಷ್ಟೇ.

ಮತ್ತೆ ದೂರು ಕೊಟ್ಟರೆ ಹೊಸ ನಂಬರ್, ಹೊಸ ಗಡಿಯಾರ. ಐದು ಸಲ ಕೊಟ್ಟೆ, ಐದೂ ಸಲ ನಾಲ್ಕು ನಿಮಿಷ. ಲೆಕ್ಕದ ಪ್ರಕಾರ ನಮ್ಮ ಬೀದಿಯಲ್ಲಿ ಕತ್ತಲಿದ್ದದ್ದು ಒಟ್ಟು 20 ನಿಮಿಷ.

ಆರನೆಯದು ಮಾತ್ರ ಪವಾಡ. 'ಪರಿಹಾರಕ್ಕೆ ಹಿಡಿದ ಸಮಯ: ಮೈನಸ್ 5 ಗಂಟೆ 26 ನಿಮಿಷ.' ಈ ಸಲ ದಾಖಲಾದ ದೂರಿನ ಸಮಯ ನನ್ನ ಫೋನಿನದು, ಭಾರತೀಯ ಕಾಲಮಾನ. ಕ್ಲೋಸ್ ಮಾಡಿದ ಸಮಯ ಸರ್ವರ್‌ನದು, ಯುಟಿಸಿ ಎಂಬ ಜಾಗತಿಕ ಕಾಲಮಾನ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ನಾನು ಸಂಜೆ ದೂರು ಕೊಡುತ್ತೇನೆ ಅಂತ ಇವರಿಗೆ ಮಧ್ಯಾಹ್ನವೇ ಗೊತ್ತಾಗಿ ಕ್ಲೋಸ್ ಮಾಡಿಬಿಟ್ಟಿದ್ದಾರೆ! ಯಾವ ಜ್ಯೋತಿಷಿಗೆ ಬರುತ್ತೆ ಈ ವಿದ್ಯೆ?

ಕಚೇರಿಗೇ ಹೋದೆ. ಗೋಡೆ ಮೇಲೆ ದೊಡ್ಡ ಟಿವಿ, ಅದರಲ್ಲಿ 'ಸರಾಸರಿ ಪರಿಹಾರ ಸಮಯ' ಹಸಿರು ಬಣ್ಣದಲ್ಲಿ ಮಿನುಗುತ್ತಿತ್ತು. 'ಹಾಗಾದ್ರೆ ಕ್ಲೋಸೇ ಆಗದ ದೂರು ಸರ್?' ಎಂದೆ. 'ಅದಕ್ಕೆ ಟೈಮೇ ಇಲ್ಲವಲ್ಲ, ಹೇಗೆ ಲೆಕ್ಕ ಹಾಕೋದು?' ಎಂದರು ಅಲ್ಲಿದ್ದ ಅಧಿಕಾರಿ. ನಿಜ. ಮುಗಿಯದ ಕೆಲಸದ ಕಾಲಂ ಖಾಲಿ, ಡೇಟಾಬೇಸ್ ಭಾಷೆಯಲ್ಲಿ ನಲ್. ಡೇಟಾಬೇಸನ್ನು ಪ್ರಶ್ನಿಸುವ ಭಾಷೆ ಎಸ್‌ಕ್ಯೂಎಲ್‌ನಲ್ಲಿ ಸರಾಸರಿ ತೆಗೆಯುವ ಎವಿಜಿ ಫಂಕ್ಷನ್ ನಲ್ ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತದೆ. ಹಾಗಾಗಿ ವರ್ಷಗಟ್ಟಲೆ ಬಿದ್ದಿರುವ ರಸ್ತೆ ಗುಂಡಿ ಸರಾಸರಿಯನ್ನು ಒಂದು ನಿಮಿಷವೂ ಏರಿಸುವುದಿಲ್ಲ. ಅದನ್ನು ಮುಚ್ಚಿ ಕ್ಲೋಸ್ ಮಾಡಿದ ದಿನವೇ ಇಲಾಖೆಯ ಮಾನ ಹೋಗುವುದು. ಪಾಪ, ಅದಕ್ಕೇ ಮುಚ್ಚಿರಲಿಕ್ಕಿಲ್ಲ.

ಮೈನಸ್ ವಿಷಯ ಹೇಳಿದಾಗ ಅವರ ಕಣ್ಣು ಅರಳಿತು. 'ಸುಮ್ನಿರಿ ಸಾರ್, ಅದರಿಂದಲೇ ಈ ತಿಂಗಳು ಸರಾಸರಿ ಚೆನ್ನಾಗಿ ಬಂದಿದೆ!'

ರಾತ್ರಿ ಗೇಟಿನ ಹತ್ತಿರ ಅಜ್ಜಿ ಟಾರ್ಚ್ ಹಿಡಿದು ನಿಂತಿದ್ದರು. 'ದೀಪ ಯಾವಾಗ ಬರುತ್ತಪ್ಪಾ?' ಅಂದರು.

'ಬಂದಾಯ್ತಲ್ಲ ಅಜ್ಜಿ, ಆರು ಸಲ.'

ಅಜ್ಜಿ ನನ್ನ ಮುಖಕ್ಕೊಮ್ಮೆ ಟಾರ್ಚ್ ಬಿಟ್ಟರು. ಆಮೇಲೆ ಕಂಬದ ತುದಿಗೆ. ಅಲ್ಲಿ ಬಲ್ಬೇ ಇರಲಿಲ್ಲ.