ಜಾಮೂನು ಡಬ್ಬಿಯ ಸೈಲೆನ್ಸರ್

ಕಾರಿನ ಬಿಡಿಭಾಗ ಮಾರುವವರು ಮೊದಲು ಕೇಳುವುದು ಗಾಡಿಯ ಜಾತಕವನ್ನು. ಯಾವ ಮಾಡೆಲ್, ಯಾವ ವರ್ಷ, ಪೆಟ್ರೋಲೋ ಡೀಸೆಲ್ಲೋ, ಹಳೆಯ ಟೈಪೋ ಹೊಸ ಟೈಪೋ. ಹಾರ್ಡ್‌ವೇರ್ ಅಂಗಡಿಯವರಿಗೆ ಈ ಕುಲಗೋತ್ರ ಬೇಕಿಲ್ಲ. ‘ಎಷ್ಟು ಇಂಚು?’ ಎಂದಷ್ಟೇ ಕೇಳುತ್ತಾರೆ. ತೂತಿನ ಅಳತೆ ಗೊತ್ತಿದ್ದರೆ ಸಾಕು. ಆ ತೂತು ಬಚ್ಚಲುಮನೆಯದೋ ಕಾರಿನದೋ ಎನ್ನುವುದು ಗಿರಾಕಿಯ ಖಾಸಗಿ ವಿಚಾರ.

ನನ್ನದು ಮಾರುತಿ 800. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿಯನ್ನು ಗಿರಾಕಿಯೊಬ್ಬರ ಕೈಗಿತ್ತರಲ್ಲ, ಅದೇ ವಂಶ. ಮೂರು ಸಿಲಿಂಡರು, 796 ಸಿಸಿ, ಗುಂಡಿಗೆ ದೊಡ್ಡದು. 2014ರ ಜನವರಿಯಲ್ಲಿ ಕಂಪನಿ ಇದರ ತಯಾರಿಯನ್ನು ನಿಲ್ಲಿಸಿತು. ತಯಾರಿ ನಿಂತರೂ ಕೆಡುವುದು ನಿಂತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಡಕಿದರೆ ಇದರ ಭಾಗಗಳು ಇವತ್ತಿಗೂ ಸಿಗುತ್ತವೆ. ಆದರೆ ಸಾಗರದಿಂದ ಬಸ್ ಹತ್ತಿ ಹೋಗಿ ಹದಿನೈದು ರೂಪಾಯಿಯ ಕ್ಲಿಪ್ಪು ತರುವುದೆಂದರೆ ಮೂಗಿಗಿಂತ ಮೂಗುತಿ ಭಾರ. ಹಾಗಾಗಿ ನನ್ನ ಕಾರಿನ ಕ್ಷೇಮಸಮಾಚಾರವೆಲ್ಲ ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಗೊತ್ತು. ಮೈಲುತುತ್ತದ ಚೀಲ, ತೋಟಕ್ಕೆ ಔಷಧಿ ಹೊಡೆಯುವ ಪೈಪು, ಪಂಪ್‌ಸೆಟ್ಟಿನ ಫುಟ್‌ವಾಲ್ವು, ಬಾಗಿಲ ಚಿಲಕ ಎಲ್ಲವೂ ಒಂದೇ ಸೂರಿನಡಿ ಇರುವ ಅಂಗಡಿ ಅದು. ಅಡಿಕೆ ತೋಟದವರ ಕಷ್ಟವನ್ನು ನೋಡಿ ಪಳಗಿದ ಅಂಗಡಿಯವರಿಗೆ ಕಾರಿನ ಕಷ್ಟ ದೊಡ್ಡದೆನಿಸುವುದಿಲ್ಲ.

ಮನೆಯ ಸಾಮಾನನ್ನು ಕಾರಿಗೆ ಹಾಕುವುದು ಕಾರಿಗೆ ಮಾಡುವ ಅವಮಾನ ಎಂದು ಹಲವರು ಭಾವಿಸುತ್ತಾರೆ. ಆ ಸಾಮಾನುಗಳ ಹುಟ್ಟೂರು ಗೊತ್ತಿದ್ದರೆ ಹಾಗೆನ್ನುತ್ತಿರಲಿಲ್ಲ. ತಂತಿ ಕಟ್ಟುವ ಪ್ಲಾಸ್ಟಿಕ್ ಟೈ ಇದೆಯಲ್ಲ, ಅದು ಹುಟ್ಟಿದ್ದು ವಿಮಾನಕ್ಕಾಗಿ. ವಿಮಾನದೊಳಗಿನ ತಂತಿಗಳ ಹೊರೆಯನ್ನು ದಾರದಿಂದ ಬಿಗಿದು ಕಟ್ಟಿ ಕೆಲಸಗಾರರ ಬೆರಳು ಕುಯ್ದುಹೋಗುತ್ತಿದ್ದುದನ್ನು ಕಂಡ ಅಮೆರಿಕದ ಮಾರಸ್ ಲೋಗನ್ 1958ರಲ್ಲಿ ಅದನ್ನು ರೂಪಿಸಿದರು. ಪೈಪಿನ ಸುತ್ತ ಹಾಕಿ ಸ್ಕ್ರೂ ತಿರುಗಿಸಿ ಬಿಗಿಯುವ ಪಟ್ಟಿ, ಅಂದರೆ ಹೋಸ್ ಕ್ಲ್ಯಾಂಪಿಗೆ 1921ರಲ್ಲಿ ಪೇಟೆಂಟ್ ಪಡೆದ ಲಮ್ಲಿ ರಾಬಿನ್ಸನ್ ಬ್ರಿಟಿಷ್ ನೌಕಾಪಡೆಯಲ್ಲಿದ್ದವರು. ವಿಮಾನ, ಹಡಗುಗಳ ನೆಂಟಸ್ತಿಕೆ ಇರುವ ವಸ್ತುಗಳು ಅಡಿಕೆ ಪೇಟೆಯ ಅಂಗಡಿಯ ಮೊಳೆಗೆ ಜೋತುಬಿದ್ದಿವೆ. ನನ್ನ ಬಂಪರನ್ನು ಹಿಡಿದುಕೊಳ್ಳುವುದರಲ್ಲಿ ಅವಕ್ಕೆ ಯಾವ ಬಡ್ತಿಯೂ ಇಲ್ಲ, ಹಿಂಬಡ್ತಿಯೂ ಇಲ್ಲ. ಟೈ ಕೊಳ್ಳುವಾಗ ಕಪ್ಪನ್ನೇ ಕೇಳಿ. ಬಿಳಿಯದು ಬಿಸಿಲಿಗೆ ಗಟ್ಟಿಯಾಗಿ ಲಟಕ್ಕನೆ ಮುರಿಯುತ್ತದೆ. ಕಪ್ಪಿನಲ್ಲಿ ಬೆರೆಸಿರುವ ಮಸಿ ಬಿಸಿಲನ್ನು ತಡೆಯುತ್ತದೆ.

ಕೆಲವು ಕಡೆ ಹಾರ್ಡ್‌ವೇರ್ ಅಂಗಡಿಯೂ ಬೇಕಾಗುವುದಿಲ್ಲ. ಗಾಜಿಗೆ ನೀರು ಚಿಮ್ಮಿಸುವ ಸಣ್ಣ ಕೊಳವೆ ಒಡೆದರೆ ಮೀನು ಸಾಕುವವರು ಗಾಳಿ ಬಿಡಲು ಬಳಸುವ ಪೈಪು ಹೇಳಿ ಮಾಡಿಸಿದಂತೆ ಕೂರುತ್ತದೆ. ಚಿಮ್ಮುವ ತುದಿ ಕಟ್ಟಿದರೆ ಹೊಲಿಗೆಯ ಸೂಜಿ ಸಾಕು. ಬ್ಯಾಟರಿಯ ತುದಿಯಲ್ಲಿ ಬೆಳೆಯುವ ಬಿಳಿ ಹಸಿರು ಹಿಟ್ಟಿಗೆ ಅಡುಗೆ ಸೋಡಾ ಬೆರೆಸಿದ ಬಿಸಿನೀರನ್ನು ಹಾಕಿದರೆ ನೊರೆಯೆದ್ದು ತೊಳೆದುಹೋಗುತ್ತದೆ. ಲಾರಿ ಚಾಲಕರು ಇನ್ನೂ ಮುಂದೆ ಹೋಗಿದ್ದಾರೆ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ, ಪೆಟ್ರೋಲ್ ಟ್ಯಾಂಕ್ ಜಿನುಗಿದರೆ ಬಟ್ಟೆ ಸೋಪು. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲವಾದ್ದರಿಂದ ಮುಂದಿನ ಗ್ಯಾರೇಜು ಸಿಗುವವರೆಗೆ ಸೀಳು ಮುಚ್ಚಿಕೊಂಡಿರುತ್ತದೆ. ಅರಿಶಿನ ಹಾಕಿದ ರೇಡಿಯೇಟರನ್ನು ಆಮೇಲೆ ತೊಳೆಯುವ ಪಾಡು ಮಾತ್ರ ಮೆಕ್ಯಾನಿಕ್‌ನದು.

ಈ ವಿದ್ಯೆಯ ಪರಾಕಾಷ್ಠೆ ಸೈಲೆನ್ಸರ್ ಚಿಕಿತ್ಸೆ. ಮಲೆನಾಡಿನ ಮಳೆಗೆ ಸೈಲೆನ್ಸರ್ ತುಕ್ಕು ಹಿಡಿದು ತೂತಾಗುವುದು ನಿಶ್ಚಿತ. ಆಗ ಕಾರು ಟ್ರ್ಯಾಕ್ಟರಿನ ದನಿಯಲ್ಲಿ ಮಾತನಾಡತೊಡಗುತ್ತದೆ. ಹಿಂದೆ ಇದಕ್ಕೆ ಹಾಲಿನ ಪುಡಿಯ ಡಬ್ಬಿ ಆಗುತ್ತಿತ್ತು. ಈಗ ಹಾಲಿನ ಪುಡಿ ಪೊಟ್ಟಣಕ್ಕೆ ಇಳಿದಿರುವುದರಿಂದ ಜಾಮೂನಿನ ಡಬ್ಬಿಯೇ ಗತಿ. ತಳ, ಮುಚ್ಚಳ ಎರಡನ್ನೂ ಕತ್ತರಿಸಿ ತಗಡನ್ನು ಬಿಡಿಸಿಕೊಳ್ಳಬೇಕು. ಅಂಚನ್ನು ಇಕ್ಕಳದಿಂದ ಮಡಿಸದಿದ್ದರೆ ಬೆರಳು ಕುಯ್ಯುತ್ತದೆ. ತಣ್ಣಗಾದ ಸೈಲೆನ್ಸರಿನ ತುಕ್ಕನ್ನು ಎಮರಿ ಕಾಗದದಲ್ಲಿ ಉಜ್ಜಿ, ಸೈಲೆನ್ಸರ್ ಪೇಸ್ಟನ್ನು ತೂತಿನ ಸುತ್ತ ದಪ್ಪಗೆ ಬಳಿದು, ತಗಡಿನ ಎರಡು ತುದಿಗಳು ಸೇರುವ ಜಾಗ ತೂತಿನ ಎದುರು ಮಗ್ಗುಲಿಗೆ ಬರುವಂತೆ ಸುತ್ತಬೇಕು. ಆಚೆಗೊಂದು ಈಚೆಗೊಂದು ಕ್ಲ್ಯಾಂಪು. ಎಂಜಿನ್ ಚಾಲೂ ಮಾಡಿ ಬಿಟ್ಟರೆ ಮೊದಲು ಡಬ್ಬಿಯ ಬಣ್ಣ ಸುಟ್ಟ ವಾಸನೆ, ಆಮೇಲೆ ಪೇಸ್ಟು ಬಿಗಿದುಕೊಂಡು ಮೌನ. ಇದೆಲ್ಲ ಹಿಂದಿನ ತುದಿಯಲ್ಲಿ ತೂತಾದರೆ ಮಾತ್ರ. ಸೀಟಿನ ಕೆಳಗೆ ಹಾದುಹೋಗುವ ಕೊಳವೆ ತೂತಾದರೆ ಹೊಗೆ ಒಳಗೇ ಬರಬಹುದು. ಅಲ್ಲಿ ಡಬ್ಬಿಯ ಆಟ ನಡೆಯುವುದಿಲ್ಲ, ವೆಲ್ಡಿಂಗೇ ಆಗಬೇಕು. ‘ರೀ, ನೀವು ಸೈಲೆನ್ಸರಿಗೋಸ್ಕರ ಜಾಮೂನು ತರುತ್ತೀರೋ, ಜಾಮೂನಿಗೋಸ್ಕರ ಸೈಲೆನ್ಸರ್ ತೂತು ಮಾಡುತ್ತೀರೋ?’ ಎಂದು ಮನೆಯಾಕೆ ಕೇಳಿದ್ದುಂಟು. ಸಕ್ಕರೆ ಕಾಯಿಲೆ ಇರುವವನು ಉತ್ತರ ಕೊಡಲಾಗದ ಪ್ರಶ್ನೆ.

ಬೋಲ್ಟಿನ ವಿಚಾರ ಇಷ್ಟು ಸಲೀಸಲ್ಲ. ಮಾರುತಿಯ ಮೈಯಲ್ಲಿರುವುದು ಜಪಾನಿನ ಪದ್ಧತಿ. ಎಂಟು ಮಿಲಿಮೀಟರಿನ ಬೋಲ್ಟಿಗೆ ಅವರು ಕೂರಿಸುವ ತಲೆ ಹನ್ನೆರಡರದು. ನಮ್ಮ ಅಂಗಡಿಯಲ್ಲಿ ಸಿಗುವ ಅದೇ ಎಂಟರ ಬೋಲ್ಟಿಗೆ ಹದಿಮೂರರ ತಲೆ. ಕಣ್ಣಿಗೆ ಕಾಣದ ಜಾಗದಲ್ಲಿ ಅಂಗಡಿಯ ಬೋಲ್ಟ್ ಸೇರಿಸಿದ್ದು ಯಾರಿಗೆ ತಿಳಿಯುತ್ತದೆ ಎಂದುಕೊಂಡರೆ ಮೆಕ್ಯಾನಿಕ್ ಸ್ಪ್ಯಾನರ್ ಇಟ್ಟ ಕ್ಷಣವೇ ಗುಟ್ಟು ರಟ್ಟು. ‘ಈ ಗಾಡಿಗೆ ಹತ್ತು, ಹನ್ನೆರಡು, ಹದಿನಾಲ್ಕು ಇದ್ದರೆ ಸಾಕು ಸಾರ್. ನಿಮ್ಮದೊಂದಕ್ಕೆ ಹದಿಮೂರು ಹುಡುಕಬೇಕು’ ಎಂದು ಅವನು ಗೊಣಗುತ್ತಾನೆ. ಹತ್ತರ ಬೋಲ್ಟು ಇನ್ನೂ ಘಾಟಿ. ಜಪಾನಿನವರದು ಒಂದೂಕಾಲು ಮಿಲಿಮೀಟರಿನ ಮರೆ (ಥ್ರೆಡ್ಡು), ಅಂಗಡಿಯದು ಒಂದೂವರೆಯದು. ಒಂದೆರಡು ಸುತ್ತು ಸಾಧುವಿನಂತೆ ಒಳಗೆ ಹೋಗಿ ಕಚ್ಚಿಕೊಳ್ಳುತ್ತದೆ. ಬಲ ಹಾಕಿದವರು ಮರೆಯನ್ನು ಕಳೆದುಕೊಳ್ಳುತ್ತಾರೆ.

ಬೋಲ್ಟಿನ ತಲೆಯ ಮೇಲೆ 8.8 ಎಂದೋ 4.6 ಎಂದೋ ಒತ್ತಿರುವುದನ್ನು ಓದುವ ಅಭ್ಯಾಸವನ್ನು ನನಗೆ ಅಂಗಡಿಯವರೇ ಮಾಡಿಸಿದರು. ಮೊದಲಿನದು ಎಳೆತವನ್ನು ಎರಡನೆಯದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು ತಡೆಯುತ್ತದೆ. ನಂಬರ್ ಪ್ಲೇಟಿಗೆ, ಮಡ್‌ಫ್ಲ್ಯಾಪಿಗೆ, ಡಿಕ್ಕಿಯ ಹಲಗೆಗೆ ಏನಾದರೂ ನಡೆದೀತು. ಚಕ್ರ, ಸ್ಟೀರಿಂಗ್, ಬ್ರೇಕ್ ಎಂದು ಬಾಯಿ ಬಿಟ್ಟರೆ ಅಂಗಡಿಯವರು ಡಬ್ಬದ ಮುಚ್ಚಳ ಹಾಕಿಬಿಡುತ್ತಾರೆ. ಒಮ್ಮೆ ಯಾರೋ ಹುಡುಗ ಪೆಟ್ರೋಲ್ ಬರುವ ಪೈಪಿಗೆಂದು ಒಂದು ಗಜ ಪಾರದರ್ಶಕ ಪ್ಲಾಸ್ಟಿಕ್ ಪೈಪು ಕೇಳಿದ. ‘ಮೀನಿಗೆ ಕೊಡುತ್ತೇನೆ, ಗಿಡಕ್ಕೆ ಕೊಡುತ್ತೇನೆ, ಪೆಟ್ರೋಲಿಗೆ ಕೊಡುವುದಿಲ್ಲ ತಮ್ಮಾ’ ಎಂದು ಅವನನ್ನು ಬಿಡಿಭಾಗದ ಅಂಗಡಿಗೆ ಅಟ್ಟಿದರು. ಅವರ ಮಾತು ಸರಿ. ಪೆಟ್ರೋಲು ಅಂಥ ಪೈಪಿನ ಮೆದುತನವನ್ನೆಲ್ಲ ಹೀರಿ ಅದನ್ನು ಕಡ್ಡಿಯಾಗಿಸುತ್ತದೆ, ಆಮೇಲೆ ಬಿರುಕು, ಬಿಸಿ ಎಂಜಿನ್ನಿನ ಮೇಲೆ ಹನಿ. ಈಗಂತೂ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೇರೆ. ಸುಟ್ಟುಹೋದ ಫ್ಯೂಸಿನ ಜಾಗಕ್ಕೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತುವವರನ್ನು ಕಂಡರೂ ನನಗೆ ಮೈ ಉರಿಯುತ್ತದೆ. ಸುಡುವುದೇ ಫ್ಯೂಸಿನ ಉದ್ಯೋಗ. ಅದನ್ನು ಸುಡದಂತೆ ಮಾಡಿದರೆ ಸುಡುವ ಸರದಿ ಕಾರಿನದು.

ಇನ್ನು ಅಲಂಕಾರ. ಜಿಐ ಪೈಪನ್ನು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು, ಬಗ್ಗಿಸಿ ವೆಲ್ಡ್ ಮಾಡಿಸಿ ಕಾರಿನ ಮುಂದೆ ಕೋಡಿನಂತೆ ನಿಲ್ಲಿಸುವವರಿದ್ದಾರೆ. ಗುದ್ದಿದಾಗ ಕಾರಿಗೆ ಏನೂ ಆಗಬಾರದಂತೆ. ಪಾದಚಾರಿಗೆ ಏನಾಗುತ್ತದೆ ಎಂಬುದು ಅವರ ಲೆಕ್ಕದಲ್ಲಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇವನ್ನು ತೆಗೆಸಿ ಎಂದು ರಾಜ್ಯಗಳಿಗೆ ಬರೆಯಿತು. ಗಾಜಿನ ಕಪ್ಪು ಫಿಲಂ ಬೇಡವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿತ್ತು. ಕೋರ್ಟು ಹೇಳದಿದ್ದರೂ ಈ ಶೋಕಿಗೆ ನಾನು ಹತ್ತು ರೂಪಾಯಿ ಬಿಚ್ಚುತ್ತಿರಲಿಲ್ಲ. ಕೆಟ್ಟದ್ದನ್ನು ಸರಿಮಾಡುವುದರಲ್ಲಿ ಇರುವ ಮಜಾ ಸರಿಯಿದ್ದದ್ದನ್ನು ಕೆಡಿಸುವುದರಲ್ಲಿ ಇಲ್ಲ.

ಹೋದ ಬೇಸಿಗೆಯಲ್ಲಿ ಅಕ್ಕನ ಮಗ ವಿದ್ಯುತ್ ಕಾರು ತಂದ. ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲು, ಮುಟ್ಟಬಾರದೆಂಬ ಎಚ್ಚರಿಕೆಯ ಚೀಟಿ. ಸೈಲೆನ್ಸರೇ ಇಲ್ಲ. ‘ಮಾವ, ಇನ್ನು ನಿಮ್ಮ ಹಾರ್ಡ್‌ವೇರ್ ವಿದ್ಯೆಗೆ ಕೆಲಸವಿಲ್ಲ’ ಎಂದು ನಕ್ಕ. ರಾತ್ರಿ ಚಾರ್ಜಿಗೆ ಹಾಕಿದರೆ ಕೆಂಪು ದೀಪ. ಮನೆಯ ಅರ್ಥಿಂಗ್ ಸರಿಯಿಲ್ಲ, ಹೀಗಿದ್ದರೆ ನಾನು ವಿದ್ಯುತ್ ಕುಡಿಯುವುದಿಲ್ಲ ಎಂದು ಕಾರಿನ ಹಟ. ಬೆಳಿಗ್ಗೆ ಇಬ್ಬರೂ ಅದೇ ಅಂಗಡಿಗೆ ಹೋದೆವು. ಅವರು ಹದಿನಾರು ಆಂಪಿಯರಿನ ಸಾಕೆಟ್ಟು, ದಪ್ಪ ತಾಮ್ರದ ತಂತಿ, ಜಿಐ ಪೈಪು ಎಲ್ಲವನ್ನೂ ಎತ್ತಿಟ್ಟು, ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ, ಅರ್ಥಿಂಗ್ ಪೈಪು ಹೂಳಲು ಗುಂಡಿ ಎಷ್ಟು ಆಳ ತೆಗೆಯಬೇಕೆಂದು ವಿಚಾರಿಸಿದರು. ‘ಗುಂಡಿಗೆ ಇದ್ದಿಲು, ಉಪ್ಪು ತುಂಬಬೇಕು. ಇದ್ದಿಲು ಹಿಂದಿನ ಗೋದಾಮಿನಲ್ಲಿದೆ, ಚೀಲ ತುಂಬಿ ಕೊಡಿಸುತ್ತೇನೆ. ಉಪ್ಪು ಮಾತ್ರ ನಮ್ಮಲ್ಲಿಲ್ಲ, ಪಕ್ಕದ ದಿನಸಿ ಅಂಗಡಿಯಲ್ಲಿ ಕೇಳಿ. ಕಲ್ಲುಪ್ಪೇ ತನ್ನಿ, ಪುಡಿಯುಪ್ಪು ಬೇಡ.’

ಅಕ್ಕನ ಮಗ ಉಪ್ಪು ತರಲು ಹೋದ. ಅಂಗಡಿಯವರು ಬಿಲ್ಲು ಬರೆಯುವಷ್ಟರಲ್ಲಿ ನಾನು ಎರಡು ಕ್ಲ್ಯಾಂಪು ಸೇರಿಸಿ ಎಂದೆ.