ಮಗ ಟ್ಯಾಕ್ಸ್ ಕಟ್ಟಿದರೆ ಅಮ್ಮನ ಗೃಹಲಕ್ಷ್ಮಿ ನಿಲ್ಲುತ್ತದೆಯೇ? ಇಲ್ಲ

‘ಮನೆಯಲ್ಲಿ ಮಗ ಇನ್‌ಕಮ್ ಟ್ಯಾಕ್ಸ್ ಕಟ್ಟುತ್ತಿದ್ದರೆ ತಾಯಿಗೆ ಗೃಹಲಕ್ಷ್ಮಿ ಹಣ ಬರುವುದಿಲ್ಲ, ಎಪಿಎಲ್ ಕಾರ್ಡ್‌ನವರಿಗಂತೂ ಇಲ್ಲವೇ ಇಲ್ಲ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ತಿಂಗಳಿಗೆ 2,000 ರೂಪಾಯಿಯ ಈ ಯೋಜನೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾಯಿತು. ಅಂತ್ಯೋದಯ, ಬಿಪಿಎಲ್, ಎಪಿಎಲ್ ಮೂರೂ ಕಾರ್ಡ್‌ಗಳಿಗೆ ಇದು ಅನ್ವಯಿಸುತ್ತದೆ. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅಂತ ಯಾರ ಹೆಸರಿದೆಯೋ ಅವರಿಗೆ ಹಣ. ಆ ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಮಾತ್ರ ಸಿಗುವುದಿಲ್ಲ. ನಿಯಮದಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಮಗ ಬೆಂಗಳೂರಿನಲ್ಲಿ ಟ್ಯಾಕ್ಸ್ ಕಟ್ಟಿದರೆ ಊರಲ್ಲಿರುವ ತಾಯಿಯ ಹಕ್ಕು ಹೋಗುವುದಿಲ್ಲ. ವಿಧವಾ ವೇತನ, ಸಂಧ್ಯಾ ಸುರಕ್ಷಾ (ವೃದ್ಧರ ಪಿಂಚಣಿ) ಪಡೆಯುವವರೂ ಹೆದರಬೇಕಿಲ್ಲ. ಅದು ಬೇರೆ, ಇದು ಬೇರೆ.

ಹಾಗಾದರೆ ಕೆಲವರಿಗೆ ಹಣ ಯಾಕೆ ಬಂದಿಲ್ಲ? ಎಷ್ಟೋ ಸಲ ತೊಡಕು ಬ್ಯಾಂಕಿನಲ್ಲೇ ಇರುತ್ತದೆ. ಹಣ ಬೀಳುವುದು ಆಧಾರ್ ಜೋಡಣೆಯಾದ ಖಾತೆಗೆ. ಕೈಯಲ್ಲಿರುವ ಪಾಸ್‌ಬುಕ್ ಒಂದು, ಆಧಾರ್ ಜೋಡಣೆಯಾದ ಖಾತೆ ಇನ್ನೊಂದು ಆಗಿದ್ದರೆ, ಹಣ ಬಂದಿದ್ದರೂ ಗೊತ್ತಾಗುವುದಿಲ್ಲ. ಮೊದಲು ಬ್ಯಾಂಕಿನಲ್ಲಿ ಅದನ್ನು ಕೇಳಿ. ಅಲ್ಲಿ ಸರಿಯಿದ್ದರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಹೋಗಿ.

ಇಂಥ ಮೆಸೇಜ್ ನಂಬಿ ಅರ್ಜಿಯನ್ನೇ ಹಾಕದೆ ಸುಮ್ನೆ ಕೂತ ಅಮ್ಮಂದಿರಿಗೆ ಆಗುವ ನಷ್ಟ ಸಣ್ಣದಲ್ಲ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಹಾಗೆ ಯಾರಾದರೂ ಇದ್ದರೆ ದಯವಿಟ್ಟು ಗ್ರಾಮ ಒನ್ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗಿ ವಿಚಾರಿಸಿ.